ಕಳ್ಳನ ವೇಷ ತೊಟ್ಟ ಒಡೆಯ

ಗ್ರಂಥಕರ್ತನು ಕಣ್ಮರೆಯಾದ ಮೇಲೂ ಅವನ ಗ್ರಂಥಗಳು ಉಳಿಯುತ್ತವೆ. ಹಾಸ್ಯ ಕಾದಂಬರಿಕಾರನೊಬ್ಬನು ಹತ್ತಾರು ಪುಸ್ತಕಗಳನ್ನು ಬರೆದಿಟ್ಟು ಹೋಗಿದ್ದರೆ, ಹೊಸ ಓದುಗನು ಗ್ರಂಥಾಲಯದ ಬೀರುವಿನ ಮುಂದೆ ನಿಂತು ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಯೋಚಿಸಬಹುದು. ಬಲ್ಲವರನ್ನು ಕೇಳಿ ಒಂದನ್ನು ಆರಿಸಿಕೊಳ್ಳಬಹುದು. ಅದು ರುಚಿಸಿದರೆ ಮತ್ತೊಂದಕ್ಕೆ ಸಾಗಬಹುದು. ನಟನ ಸಂಗತಿ ಹಾಗಲ್ಲ. ಅವನ ಕೃತಿಯು ಪ್ರತಿ ರಾತ್ರಿಯೂ ಹೊಸದಾಗಿ ಹುಟ್ಟಿ, ಪರದೆ ಬಿದ್ದೊಡನೆ ಕರಗಿಹೋಗುತ್ತದೆ. ನಗೆನಟನ ಸಂಗತಿಯಂತೂ ಮತ್ತೂ ಕಠಿನವಾದುದು. ಪದ್ಯವನ್ನು ಬರೆದಿಡಬಹುದು, ರಾಗವನ್ನು ಕಲಿಸಿಕೊಡಬಹುದು. ಆದರೆ ಮಾತಿನ ನಡುವೆ ಎಷ್ಟು ಹೊತ್ತು ತಡೆದು ನಿಂತರೆ ಜನರು ನಗುತ್ತಾರೆ ಎಂಬುದನ್ನು ಯಾವ ಪುಸ್ತಕದಲ್ಲಿಯೂ ಅಚ್ಚು ಹಾಕಲಾಗದು.

ಗುಬ್ಬಿ ವೀರಣ್ಣನವರು ಅಂತಹ ನಗೆನಟರು. ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಅವರು ಕನ್ನಡ ವೃತ್ತಿರಂಗಭೂಮಿಯಲ್ಲಿ ದುಡಿದರು. ನಟರಾಗಿ, ನಾಟಕ ಕಂಪೆನಿಯ ಒಡೆಯರಾಗಿ, ಚಲನಚಿತ್ರ ನಿರ್ಮಾಪಕರಾಗಿ, ಅನೇಕ ಕಲಾವಿದರ ಗುರುವಾಗಿ ಬಾಳಿದರು. ಅವರ ಜೀವನವೆಂಬ ದೊಡ್ಡ ಹೊತ್ತಗೆಯನ್ನು ಯಾವ ಪುಟದಿಂದ ಓದಲು ತೊಡಗಬೇಕು? ಅವರು ರಂಗದ ಮೇಲೆ ತಂದ ಆನೆ ಕುದುರೆಗಳ ವೈಭವದಿಂದಲೇ? ಅವರಿಗೆ ಸಂದ ಬಿರುದುಬಾವಲಿಗಳಿಂದಲೇ? ಇವೆಲ್ಲಕ್ಕಿಂತ ಬಲವಾಗಿ ಅವರ ಹೆಸರಿನೊಡನೆ ಜನರ ನೆನಪಿನಲ್ಲಿ ಬೆಸೆದುಕೊಂಡಿರುವುದು ಒಂದು ಚಿಕ್ಕ ಪಾತ್ರ. ಅದು ‘ಸದಾರಮೆ’ ನಾಟಕದ ಕಳ್ಳನ ಪಾತ್ರ. ಕಂಪೆನಿಯ ಒಡೆಯರು ರಾಜನ ಕಿರೀಟವನ್ನು ಇತರರಿಗೆ ಬಿಟ್ಟುಕೊಟ್ಟು ತಾವು ಕಳ್ಳನ ವೇಷವನ್ನು ತೊಟ್ಟರು. ವೀರಣ್ಣನವರನ್ನು ಅರಿಯಲು ಬಯಸುವವರು ಇಲ್ಲಿಂದಲೇ ಹೊರಡುವುದು ಲೇಸು.

ತುಮಕೂರಿನಿಂದ ಪಶ್ಚಿಮಕ್ಕೆ ಅರಸೀಕೆರೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಸಿಕ್ಕುವ ಊರು ಗುಬ್ಬಿ. ಸುತ್ತಲೂ ತೆಂಗು ಅಡಕೆಗಳ ತೋಟಗಳು, ರಾಗಿಯ ಹೊಲಗಳು. ಊರಿನ ಆರಾಧ್ಯದೈವ ಶ್ರೀ ಚನ್ನಬಸವೇಶ್ವರಸ್ವಾಮಿ. ದಕ್ಷಿಣಕ್ಕೆ ದೊಡ್ಡ ಕೆರೆಯ ಊರಾದ ಕುಣಿಗಲ್, ಪಶ್ಚಿಮಕ್ಕೆ ಕೊಬ್ಬರಿಯ ಪೇಟೆಯಾದ ತಿಪಟೂರು. ಈ ಸೀಮೆಯ ಹಳ್ಳಿಗಳಿಗೆ ನಾಟಕವು ಹೊಸತಾದುದಲ್ಲ. ಸುಗ್ಗಿ ಮುಗಿದು ಧಾನ್ಯ ಮನೆಗೆ ಬಂದ ಮೇಲೆ ಬಯಲಿನಲ್ಲಿ ರಂಗಸ್ಥಳವನ್ನು ಕಟ್ಟಿ, ಪಂಜಿನ ಬೆಳಕಿನಲ್ಲಿ ಮೂಡಲಪಾಯದ ಆಟಗಳನ್ನು ಆಡುವ ರೂಢಿ ಇಲ್ಲಿತ್ತು. ಆ ಆಟಗಳಲ್ಲಿ ದೇವತೆಗಳೂ ರಾಜರೂ ರಾಕ್ಷಸರೂ ಅಬ್ಬರಿಸುತ್ತಿರುವಾಗ, ಹಾಸ್ಯಗಾರನು ನಡುನಡುವೆ ನುಸುಳಿ, ಹಳ್ಳಿಯ ಆಡುಮಾತಿನಲ್ಲಿ ಅವರೆಲ್ಲರನ್ನೂ ಮಾತನಾಡಿಸಿ ಜನರನ್ನು ನಗಿಸುತ್ತಿದ್ದನು. ಪುರಾಣ ಲೋಕಕ್ಕೂ ಪ್ರೇಕ್ಷಕ ಲೋಕಕ್ಕೂ ಅವನೇ ಸೇತುವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸೀಮೆಯಲ್ಲಿ ಹೊಸ ಬಗೆಯ ರಂಗಭೂಮಿಯೊಂದು ತಲೆಯೆತ್ತಿತು. ಅರಮನೆಯ ಆಶ್ರಯದಲ್ಲಿ ನಾಟಕ ಮಂಡಲಿಯು ಸ್ಥಾಪಿತವಾಯಿತು. ಬಸವಪ್ಪಶಾಸ್ತ್ರಿಗಳು ಕಾಳಿದಾಸನ ‘ಶಾಕುಂತಲ’ವನ್ನು ಕನ್ನಡಕ್ಕೆ ತಂದರು. ಪಾರ್ಸಿ ನಾಟಕ ಮಂಡಲಿಗಳ ಪ್ರಭಾವದಿಂದ ಬಣ್ಣಬಣ್ಣದ ಪರದೆಗಳೂ ಹಾರ್ಮೋನಿಯಂ ವಾದ್ಯವೂ ಚೀಟಿ ಕೊಂಡು ನಾಟಕ ನೋಡುವ ಪದ್ಧತಿಯೂ ಬಂದುವು. ಇಂತಹ ಕಾಲದಲ್ಲಿ, 1884ರಲ್ಲಿ, ಗುಬ್ಬಿಯಂತಹ ಚಿಕ್ಕ ಊರಿನಲ್ಲಿ ಚಂದಣ್ಣನವರು ಅಬ್ದುಲ್ ಅಜೀಜ್ ಸಾಹೇಬರೇ ಮೊದಲಾದ ಕಲಾಭಿಮಾನಿಗಳೊಡನೆ ಸೇರಿ ನಾಟಕ ಮಂಡಲಿಯೊಂದನ್ನು ಕಟ್ಟಿದರು. ಊರದೇವರ ಹೆಸರನ್ನೇ ಅದಕ್ಕೆ ಇಟ್ಟರು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವೆಂಬ ಆ ಸಂಸ್ಥೆಯನ್ನು ಜನರು ಗುಬ್ಬಿ ಕಂಪೆನಿ ಎಂದೇ ಕರೆದರು. ಬೇರೆ ಬೇರೆ ಮತದವರು ಕೂಡಿ ಕಟ್ಟಿದ ಈ ಸಂಸ್ಥೆಗೆ ರಾಜಾಶ್ರಯವಿರಲಿಲ್ಲ. ಚೀಟಿ ಕೊಂಡು ಬರುವ ಪ್ರೇಕ್ಷಕನೇ ಅದಕ್ಕೆ ರಾಜನಾಗಿದ್ದನು.

ಈ ಕಂಪೆನಿ ಹುಟ್ಟಿದ ಏಳು ವರ್ಷಗಳ ತರುವಾಯ, 1891ರಲ್ಲಿ, ವೀರಣ್ಣನವರು ಜನಿಸಿದರು. ಇನ್ನೂ ಎಳೆಯ ಬಾಲಕರಾಗಿರುವಾಗಲೇ ಅವರು ಕಂಪೆನಿಯನ್ನು ಸೇರಿದರು. ಆದುದರಿಂದ ಅವರ ನಿಜವಾದ ಶಾಲೆ ರಂಗಭೂಮಿಯೇ ಆಯಿತು. ಅಂದಿನ ವೃತ್ತಿ ಕಂಪೆನಿಗಳಲ್ಲಿ ಬಾಲನಟನ ಜೀವನವು ಸುಖದ್ದಾಗಿರಲಿಲ್ಲ. ಬೆಳಗಿನ ಹೊತ್ತು ಸಂಗೀತದ ಅಭ್ಯಾಸ, ಮಧ್ಯಾಹ್ನ ಮಾತುಗಳ ಬಾಯಿಪಾಠ, ರಾತ್ರಿ ಆಟ. ಚಿಕ್ಕ ಹುಡುಗರು ಬಾಲಪಾತ್ರಗಳನ್ನೂ ಸ್ತ್ರೀಪಾತ್ರಗಳನ್ನೂ ವಹಿಸಬೇಕಾಗಿತ್ತು. ಕಂಠ ಒಡೆಯುವ ವಯಸ್ಸು ಬಂದೊಡನೆ ಸ್ತ್ರೀಪಾತ್ರ ಕೈತಪ್ಪುತ್ತಿತ್ತು; ಅನಂತರ ಹೊಸ ಸ್ಥಾನವನ್ನು ಅವರೇ ಗಳಿಸಿಕೊಳ್ಳಬೇಕಾಗಿತ್ತು. ವೀರಣ್ಣನವರು ಗಳಿಸಿಕೊಂಡ ಸ್ಥಾನವು ಹಾಸ್ಯಗಾರನದು.

ಅಂದಿನ ರಂಗಭೂಮಿಯಲ್ಲಿ ಹಾಸ್ಯಗಾರನ ಸ್ಥಾನವು ನಾಯಕನ ಸ್ಥಾನಕ್ಕೆ ಸರಿಸಮವಾಗಿರಲಿಲ್ಲ. ಅದು ಸಂಗೀತದ ಯುಗ. ಎ. ವಿ. ವರದಾಚಾರ್ಯರಂತಹ ಮಹಾನಟರು ತಮ್ಮ ಗಾಯನದಿಂದ ಪ್ರೇಕ್ಷಕರನ್ನು ಮಂತ್ರಮುಗ್ಧರನ್ನಾಗಿ ಮಾಡುತ್ತಿದ್ದ ಕಾಲ. ರಾಜಪಾತ್ರಧಾರಿಯು ಒಂದು ಪದವನ್ನು ಹಾಡಿ ಮುಗಿಸಿದರೆ ಸಭೆಯು ಮತ್ತೊಮ್ಮೆ ಹಾಡೆಂದು ಕೂಗುತ್ತಿತ್ತು. ನಾಟಕದ ಕಥೆ ಅಲ್ಲಿಯೇ ನಿಂತು, ಹಾಡು ಮೊದಲಿನಿಂದ ತೊಡಗುತ್ತಿತ್ತು. ಹೀಗೆ ಹಾಡಿನಿಂದ ಹಾಡಿಗೆ ಸಾಗುವ ನಾಟಕದಲ್ಲಿ, ಪ್ರೇಕ್ಷಕರಿಗೆ ತೂಕಡಿಕೆ ಬಾರದಂತೆ ಕಾಯುವುದು ಹಾಸ್ಯಗಾರನ ಕೆಲಸ. ಮುಂದಿನ ದೃಶ್ಯದ ಸಜ್ಜು ಮುಗಿಯುವವರೆಗೆ ಪರದೆಯ ಮುಂದೆ ಬಂದು ಹೊತ್ತು ಕಳೆಯುವುದೂ ಅವನ ಕೆಲಸವೇ. ಇಂತಹ ಕೆಲಸವನ್ನು ಕಲೆಯ ಮಟ್ಟಕ್ಕೆ ಏರಿಸಿದುದು ವೀರಣ್ಣನವರ ಹಿರಿಮೆ.

1917ರಲ್ಲಿ ಕಂಪೆನಿಯ ಒಡೆತನವು ವೀರಣ್ಣನವರ ಕೈಗೆ ಬಂದಿತು. ಆಗ ಅವರಿಗೆ ಇಪ್ಪತ್ತಾರು ವರ್ಷ ವಯಸ್ಸು. ನಾಟಕ ಕಂಪೆನಿಯ ಒಡೆತನವೆಂದರೆ ಸಿಂಹಾಸನವಲ್ಲ, ಹೊರೆ. ನಟರು, ಹಾಡುಗಾರರು, ವಾದ್ಯದವರು, ಪರದೆ ಬರೆಯುವವರು, ಬಣ್ಣ ಹಚ್ಚುವವರು, ಬಡಗಿಗಳು, ಅಡಿಗೆಯವರು, ಚೀಟಿ ಮಾರುವವರು ಎಲ್ಲರೂ ಅವರವರ ಸಂಸಾರಗಳೊಡನೆ ಒಡೆಯನನ್ನೇ ನಂಬಿಕೊಂಡಿರುತ್ತಾರೆ. ಊರಿಂದೂರಿಗೆ ಸಾಮಾನು ಸಾಗಬೇಕು. ಒಂದೊಂದು ಊರಿನಲ್ಲಿಯೂ ಕೊಟ್ಟಿಗೆ ಕಟ್ಟಿ, ತಿಂಗಳುಗಟ್ಟಲೆ ಮೊಕ್ಕಾಂ ಮಾಡಬೇಕು. ಮಳೆ ಹಿಡಿದರೆ ಆಟ ನಿಲ್ಲುತ್ತದೆ, ಊಟ ನಿಲ್ಲುವಂತಿಲ್ಲ. ಬೆಳೆ ಕೆಟ್ಟ ವರ್ಷ ಹಳ್ಳಿಗರ ಕೈಯಲ್ಲಿ ಕಾಸಿರುವುದಿಲ್ಲ. ಸಾಂಕ್ರಾಮಿಕ ರೋಗ ಬಂದರೆ ಊರೇ ಬರಿದಾಗುತ್ತದೆ. ಇವೆಲ್ಲವನ್ನೂ ಎದುರಿಸಿಯೂ ಪ್ರತಿ ರಾತ್ರಿ ನಗುಮುಖದಿಂದ ರಂಗದ ಮೇಲೆ ನಿಲ್ಲಬೇಕಾದವನು ಹಾಸ್ಯಗಾರ. ವೀರಣ್ಣನವರಲ್ಲಿ ಒಡೆಯನೂ ಹಾಸ್ಯಗಾರನೂ ಒಬ್ಬರೇ ಆಗಿದ್ದರು.

ಕಂಪೆನಿಯ ಯಜಮಾನನು ತನಗೆ ಬೇಕಾದ ಪಾತ್ರವನ್ನು ತೆಗೆದುಕೊಳ್ಳುವುದು ಅಂದಿನ ವಾಡಿಕೆ. ಸಾಮಾನ್ಯವಾಗಿ ಯಜಮಾನನೇ ನಾಯಕ. ವೀರಣ್ಣನವರು ಮಾತ್ರ ಹಾಸ್ಯಪಾತ್ರಗಳನ್ನು ತಮ್ಮದನ್ನಾಗಿ ಮಾಡಿಕೊಂಡರು. ತಮ್ಮ ಶಕ್ತಿ ಎಲ್ಲಿದೆ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಪ್ರೇಕ್ಷಕರ ಮನಸ್ಸನ್ನೂ ಅರಿತಿದ್ದರು. ಕುರ್ಚಿಯ ಮೇಲೆ ಕುಳಿತ ಅಧಿಕಾರಿಗೆ ಸಂಗೀತದ ಸೂಕ್ಷ್ಮಗಳು ತಿಳಿದಿರಬಹುದು. ನೆಲದ ಮೇಲೆ ಕುಳಿತ ರೈತನಿಗೆ ಅವು ತಿಳಿಯದೆ ಇರಬಹುದು. ಆದರೆ ನಗೆಯು ಇಬ್ಬರಿಗೂ ಒಂದೇ. ತುಮಕೂರಿನ ಪೇಟೆಯ ವರ್ತಕನೂ ಗುಬ್ಬಿ ಕುಣಿಗಲುಗಳ ಹಳ್ಳಿಯ ಒಕ್ಕಲಿಗನೂ ಒಂದೇ ಮಾತಿಗೆ, ಒಂದೇ ಕ್ಷಣದಲ್ಲಿ ನಗುವಂತೆ ಮಾಡಬಲ್ಲವನು ಎರಡು ವರ್ಗಗಳನ್ನೂ ಕಂಪೆನಿಗೆ ಕಟ್ಟಿಹಾಕಬಲ್ಲನು.

ತುಮಕೂರಿಗೆ ಸಮೀಪದ ಬೆಳ್ಳಾವೆಯ ನರಹರಿಶಾಸ್ತ್ರಿಗಳು ವೃತ್ತಿರಂಗಭೂಮಿಗಾಗಿ ಅನೇಕ ನಾಟಕಗಳನ್ನು ಬರೆದ ಕವಿಗಳು. ‘ಕೃಷ್ಣಲೀಲೆ’ಯಂತಹ ಪೌರಾಣಿಕ ನಾಟಕಗಳೊಡನೆ ‘ಸದಾರಮೆ’ಯೂ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ‘ಸದಾರಮೆ’ಯ ಕಥೆ ಪುರಾಣದ್ದಲ್ಲ, ಜನಪದರ ಕಥೆಗಳ ಜಾತಿಗೆ ಸೇರಿದುದು. ಸದಾರಮೆ ಎಂಬುವಳು ವರ್ತಕನೊಬ್ಬನ ಮಗಳು. ರಾಜಕುಮಾರನೊಬ್ಬನು ಅವಳಿಗೆ ಮನಸೋತು, ಅವಳಿಗಾಗಿ ರಾಜ್ಯದ ಆಸೆಯನ್ನೇ ಬಿಡುತ್ತಾನೆ. ವಿವಾಹದ ಅನಂತರ ಕಷ್ಟಗಳು ಒದಗಿ ದಂಪತಿಗಳು ಅಗಲುತ್ತಾರೆ. ಒಂಟಿಯಾದ ಸದಾರಮೆ ಒಬ್ಬರ ಕೈಯಿಂದ ಪಾರಾದರೆ ಮತ್ತೊಬ್ಬರ ಕೈಗೆ ಸಿಕ್ಕಿಬೀಳುತ್ತಾಳೆ. ಅಂತಹವರಲ್ಲಿ ಒಬ್ಬನು ಕಳ್ಳ. ಅವಳು ತನ್ನ ಜಾಣತನದಿಂದಲೇ ಅವನನ್ನು ವಂಚಿಸಿ ಪಾರಾಗುತ್ತಾಳೆ. ಕೊನೆಗೆ ದಂಪತಿಗಳು ಒಂದುಗೂಡುತ್ತಾರೆ.

ಕಥೆಯ ದೃಷ್ಟಿಯಿಂದ ಕಳ್ಳನ ಪಾತ್ರವು ಕೇವಲ ಒಂದು ತಿರುವು. ಅವನು ಬರುತ್ತಾನೆ, ಮೋಸ ಹೋಗುತ್ತಾನೆ, ಹಿಂದೆ ಉಳಿಯುತ್ತಾನೆ. ನಾಟಕವು ಅವನಿಲ್ಲದೆಯೂ ಸಾಗಬಲ್ಲುದು. ಆದರೆ ವೀರಣ್ಣನವರ ಕೈಯಲ್ಲಿ ಆ ಪಾತ್ರವು ಬೆಳೆದು, ನಾಟಕವನ್ನೇ ಆವರಿಸಿಕೊಂಡಿತು. ಭಯಂಕರನಾಗಿ ಕಾಣಬೇಕಾದವನೇ ಭೋಳೆಯಾಗಿ ಕಾಣುವುದು ಆ ಪಾತ್ರದ ಗುಟ್ಟು. ಇತರರನ್ನು ಮೋಸಗೊಳಿಸುವುದೇ ಕಸುಬಾದವನು ಒಂದು ಹೆಣ್ಣಿನ ಎರಡು ಸವಿಮಾತುಗಳಿಗೆ ಮೋಸ ಹೋಗುತ್ತಾನೆ. ಅವನ ಆಸೆಯು ದೊಡ್ಡದು, ಬುದ್ಧಿಯು ಚಿಕ್ಕದು. ಅವನಿಗೆ ಸಂಸಾರದ ಕನಸೂ ಉಂಟು. ಪ್ರೇಕ್ಷಕನು ಸದಾರಮೆಯ ಪಕ್ಷದಲ್ಲಿ ನಿಂತು ಅವಳ ಬಿಡುಗಡೆಯನ್ನು ಬಯಸುತ್ತಿರುವಾಗಲೇ, ಮೋಸ ಹೋಗುತ್ತಿರುವ ಕಳ್ಳನನ್ನು ಕಂಡು ಮರುಗುತ್ತಾನೆ. ನಗುವೂ ಮರುಕವೂ ಒಂದೇ ಉಸಿರಿನಲ್ಲಿ ಹೊರಡುವಂತೆ ಮಾಡುವುದು ಹಾಸ್ಯದ ಮೇಲಾದ ನೆಲೆ. ಬರಿಯ ಚೇಷ್ಟೆಯಿಂದ ಅಲ್ಲಿಗೆ ಏರಲಾಗದು. ಮನುಷ್ಯರನ್ನು ಕಣ್ಣಿಟ್ಟು ನೋಡಿದವನು ಮಾತ್ರ ಏರಬಲ್ಲನು.

ವೀರಣ್ಣನವರ ಹಾಸ್ಯಕ್ಕೆ ಮೂಡಲಪಾಯದ ಹಾಸ್ಯಗಾರನೇ ಮೂಲಪುರುಷನೆಂದರೆ ತಪ್ಪಾಗಲಾರದು. ಸಂಸ್ಕೃತ ಪದಗಳಿಂದ ತುಂಬಿದ ರಾಜಸಭೆಯ ಮಾತಿನ ನಡುವೆ ಆಡುಮಾತನ್ನು ಹರಿಯಬಿಡುವುದು, ದೊಡ್ಡವರ ದೊಡ್ಡಸ್ತಿಕೆಯನ್ನು ಮೆಲ್ಲನೆ ಚಿವುಟುವುದು, ಆದರೆ ಯಾರ ಮನಸ್ಸಿಗೂ ಗಾಯವಾಗದಂತೆ ನೋಡಿಕೊಳ್ಳುವುದು ಬಯಲಾಟದ ಆ ಸಂಪ್ರದಾಯದಿಂದ ಬಂದ ಆಸ್ತಿ. ಅದನ್ನು ಅವರು ದೀಪ, ಪರದೆ, ವಾದ್ಯಗಳಿಂದ ಕೂಡಿದ ಹೊಸ ರಂಗಭೂಮಿಗೆ ತಂದರು. ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅವರ ಅಭಿನಯವನ್ನು ಮೆಚ್ಚಿ, ಬಹುಮುಖ ಸಾಮರ್ಥ್ಯದ ಹಾಸ್ಯನಟ ಎಂಬ ಅರ್ಥದ ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದನ್ನಿತ್ತು ಗೌರವಿಸಿದರು. ಬಯಲಿನಲ್ಲಿ ಹುಟ್ಟಿದ ನಗೆಗೆ ಅರಮನೆಯ ಮನ್ನಣೆ ದೊರಕಿದಂತಾಯಿತು.

ಹಾಸ್ಯದಿಂದ ಗಳಿಸಿದುದನ್ನು ವೀರಣ್ಣನವರು ರಂಗಭೂಮಿಗೇ ಸುರಿದರು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನು ರಂಗದ ಮೇಲೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು. ಇದು ಸುಲಭದ ಕೆಲಸವಾಗಿರಲಿಲ್ಲ. ನಟಿಯರನ್ನು ಸಮಾಜವು ಗೌರವದಿಂದ ಕಾಣುತ್ತಿರಲಿಲ್ಲ. ಆದರೂ ಗುಬ್ಬಿ ಕಂಪೆನಿಯಲ್ಲಿ ಸ್ತ್ರೀಯರು ಹಾಡಿ, ನಟಿಸಿ ಕೀರ್ತಿವಂತರಾದರು. ವೀರಣ್ಣನವರ ಪತ್ನಿಯೂ ಸಹನಟಿಯೂ ಆಗಿದ್ದ ಬಿ. ಜಯಮ್ಮನವರು ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಹೆಸರಾಂತ ಅಭಿನೇತ್ರಿಯರಾದರು. ತಾವು ಬಾಲ್ಯದಲ್ಲಿ ಪಟ್ಟ ಪಾಡನ್ನು ಮರೆಯದ ವೀರಣ್ಣನವರು ಮಕ್ಕಳಿಗಾಗಿ ಕಂಪೆನಿಯಲ್ಲಿ ಬಾಲಕರ ವಿಭಾಗವನ್ನೂ ನಡೆಸಿದರು. ಅಲ್ಲಿ ಮಕ್ಕಳೇ ಪೂರ್ತಿ ನಾಟಕಗಳನ್ನು ಆಡುತ್ತಿದ್ದರು.

ರಂಗವೈಭವದಲ್ಲಿಯೂ ಗುಬ್ಬಿ ಕಂಪೆನಿ ಮುಂದಾಯಿತು. 1934ರಲ್ಲಿ ಪ್ರಯೋಗವಾದ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆಕುದುರೆಗಳೇ ರಂಗದ ಮೇಲೆ ಬಂದುವು. ಮಹಾಭಾರತವನ್ನು ಗಮಕಿಗಳ ಬಾಯಿಂದ ಕೇಳಿದ್ದ ಜನರು ಅದನ್ನು ಕಣ್ಣಾರೆ ಕಂಡರು. ‘ಗುಲೇಬಕಾವಲಿ’, ‘ಕಬೀರ್’, ‘ಪ್ರಭಾಮಣಿವಿಜಯ’, ‘ದಶಾವತಾರ’ ಮುಂತಾದುವು ಕಂಪೆನಿಯ ಇತರ ಪ್ರಸಿದ್ಧ ನಾಟಕಗಳು. ಮುಂದೆ ‘ಕ್ರಾಂತಿಕಲ್ಯಾಣ’ ಕಾದಂಬರಿಗಾಗಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಬಿ. ಪುಟ್ಟಸ್ವಾಮಯ್ಯನವರೂ ಈ ಕಂಪೆನಿಗೆ ನಾಟಕಗಳನ್ನು ಬರೆದುಕೊಟ್ಟವರು. ಕಂಪೆನಿಯು ಕನ್ನಡ ನಾಡಿನಲ್ಲಿ ಮಾತ್ರವಲ್ಲದೆ ತೆಲುಗು, ತಮಿಳು ಸೀಮೆಗಳಲ್ಲಿಯೂ ಸಂಚರಿಸಿತು. ವೀರಣ್ಣನವರಿಗೆ ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಎಂಬ ಬಿರುದು ಸಂದಿತು. ಒಂದು ಚಿಕ್ಕ ಊರಿನ ಹೆಸರು ಕಲಾವಿದನೊಬ್ಬನ ಹೆಸರಿನ ಮುಂದೆ ಸೇರಿ ದಕ್ಷಿಣ ಭಾರತದಲ್ಲೆಲ್ಲ ಸಂಚರಿಸಿತು.

ಅಷ್ಟರಲ್ಲಿ ರಂಗಭೂಮಿಗೆ ಹೊಸ ಸ್ಪರ್ಧಿಯೊಂದು ಹುಟ್ಟಿಕೊಂಡಿತ್ತು. ಅದು ಚಲನಚಿತ್ರ. ಅದಕ್ಕೆ ಮಳೆಯ ಭಯವಿಲ್ಲ, ಊಟದ ಮನೆಯ ಖರ್ಚಿಲ್ಲ. ಒಂದು ಡಬ್ಬಿಯಲ್ಲಿ ಸುತ್ತಿಟ್ಟ ನಾಟಕವು ಊರೂರಿಗೆ ಹೋಗಬಲ್ಲುದು. ಅನೇಕ ಕಂಪೆನಿಗಳ ಯಜಮಾನರು ಅದನ್ನು ಶತ್ರುವೆಂದು ಬಗೆದರು. ವೀರಣ್ಣನವರು ಅದನ್ನು ಕಲಿಯಲು ಹೊರಟರು. 1930ರ ದಶಕದ ಆರಂಭದಲ್ಲಿ, ಕನ್ನಡ ಚಿತ್ರಗಳಿಗೆ ಇನ್ನೂ ಮಾತು ಬಾರದಿದ್ದಾಗಲೇ, ಅವರು ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ‘ಹರಿಮಾಯಾ’, ‘ಹಿಸ್ ಲವ್ ಅಫೇರ್’ ಎಂಬ ಮೂಕಚಿತ್ರಗಳನ್ನು ತಯಾರಿಸಿದರು. ಮಾತೇ ಬಂಡವಾಳವಾದ ಹಾಸ್ಯಗಾರನು ಮೂಕಚಿತ್ರದಲ್ಲಿ ಹಣ ಹೂಡಿದುದು ಸಾಹಸವೇ ಸರಿ.

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡಿತು. ಅದಕ್ಕೆ ಮಾತುಗಳನ್ನೂ ಹಾಡುಗಳನ್ನೂ ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಮರುವರ್ಷ, 1935ರಲ್ಲಿ, ‘ಸದಾರಮೆ’ಯೂ ಚಲನಚಿತ್ರವಾಯಿತು, ವೀರಣ್ಣನವರು ಅದರಲ್ಲಿ ಅಭಿನಯಿಸಿದರು. ಅನಂತರ ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1945) ಮುಂತಾದ ಚಿತ್ರಗಳು ಅವರ ಪ್ರಯತ್ನದ ಫಲವಾಗಿ ಬಂದುವು. ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ ಒಂದೊಂದು ಚಿತ್ರವೂ ಒಂದೊಂದು ಪಣವಾಗಿತ್ತು. ಚಿತ್ರದಲ್ಲಿ ಕಳೆದುದನ್ನು ನಾಟಕದಲ್ಲಿ ಗಳಿಸಬೇಕು. ನಾಟಕದಲ್ಲಿ ಗಳಿಸಿದುದನ್ನು ಮತ್ತೆ ಚಿತ್ರಕ್ಕೆ ಹೂಡಬೇಕು. ಹಾಸ್ಯಗಾರನ ನಗೆಯೇ ಈ ಎರಡು ಬಂಡಿಗಳನ್ನೂ ಎಳೆಯುವ ಎತ್ತಾಗಿದ್ದಿತು.

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ವು ಈ ಸಾಹಸಗಳಿಗೆ ಕಳಶವಿಟ್ಟಂತಹ ಚಿತ್ರ. ಗುಬ್ಬಿ ವೀರಣ್ಣನವರ ಸಂಸ್ಥೆಯೂ ಇದರ ನಿರ್ಮಾಣದಲ್ಲಿ ಪಾಲುಗೊಂಡಿತ್ತು. ನಿರ್ದೇಶಕರು ಎಚ್. ಎಲ್. ಎನ್. ಸಿಂಹ ಅವರು. ಬೇಡನ ಪಾತ್ರವನ್ನು ವಹಿಸಿದ ತರುಣನು ಗುಬ್ಬಿ ಕಂಪೆನಿಯ ನೆರಳಿನಲ್ಲಿಯೇ ಬೆಳೆದವನು. ಅವನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪೆನಿಯ ಹೆಸರಾಂತ ನಟರು. ಆ ತರುಣನೇ ಮುಂದೆ ಕನ್ನಡಿಗರೆಲ್ಲರ ಅಭಿಮಾನಕ್ಕೆ ಪಾತ್ರರಾದ ಡಾ. ರಾಜಕುಮಾರ್. ಅದೇ ಚಿತ್ರದಲ್ಲಿ ಕ್ಷೀಣಕಾಯದ ಮತ್ತೊಬ್ಬ ನಟನು ನಗೆಯ ಹೊಳೆಯನ್ನೇ ಹರಿಸಿದನು. ಅವರು ತುಮಕೂರು ಜಿಲ್ಲೆಯ ತಿಪಟೂರಿನ ನರಸಿಂಹರಾಜು. ವೃತ್ತಿರಂಗಭೂಮಿಯಲ್ಲಿ ಪಳಗಿದ ಅವರು ಮುಂದೆ ಹಾಸ್ಯ ಚಕ್ರವರ್ತಿಯೆಂದು ಪ್ರಸಿದ್ಧರಾದರು. ಜಿ. ವಿ. ಅಯ್ಯರ್ ಅವರೂ ಗುಬ್ಬಿ ಕಂಪೆನಿಯಿಂದ ಬಂದವರೇ. ಒಂದು ನಾಟಕ ಕಂಪೆನಿಯು ನಾಡಿನ ಚಿತ್ರರಂಗಕ್ಕೆ ನಾಯಕನನ್ನೂ ಹಾಸ್ಯನಟನನ್ನೂ ನಿರ್ದೇಶಕನನ್ನೂ ಧಾರೆಯೆರೆದು ಕೊಟ್ಟಿತು.

ಶಿಷ್ಯರ ವಿಚಾರದಲ್ಲಿ ವೀರಣ್ಣನವರ ಹೃದಯವಂತಿಕೆಗೆ ಬಿ. ವಿ. ಕಾರಂತರ ಕಥೆಯು ಒಳ್ಳೆಯ ನಿದರ್ಶನ. ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಮನೆ ಬಿಟ್ಟು ಬಂದ ಈ ಹುಡುಗನು ಗುಬ್ಬಿ ಕಂಪೆನಿಯನ್ನು ಸೇರಿದನು. ಅವನ ಚುರುಕುತನವನ್ನು ಕಂಡ ವೀರಣ್ಣನವರು, ಒಳ್ಳೆಯ ನಟನು ಕೈತಪ್ಪಿಹೋದಾನೆಂದು ಅವನನ್ನು ಕಂಪೆನಿಯಲ್ಲಿಯೇ ಕಟ್ಟಿಹಾಕಲಿಲ್ಲ. ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಚಿಕ್ಕಂದಿನಲ್ಲಿಯೇ ಕಂಪೆನಿಯನ್ನು ಸೇರಿ ಶಾಲೆಯ ಓದಿಗೆ ಎರವಾಗಿದ್ದ ಒಡೆಯರೇ ಹುಡುಗನೊಬ್ಬನನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಆಧುನಿಕ ಭಾರತೀಯ ರಂಗಭೂಮಿಯು ಆ ಔದಾರ್ಯದ ಫಲವನ್ನು ಉಂಡಿತು.

ವೀರಣ್ಣನವರಿಗೆ ಬಾಳಿನ ಕೊನೆಯ ಭಾಗದಲ್ಲಿ ರಾಷ್ಟ್ರಮಟ್ಟದ ಮನ್ನಣೆಗಳು ದೊರೆತುವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಅಭಿನಯಕ್ಕಾಗಿ ಅವರಿಗೆ ಪ್ರಶಸ್ತಿಯನ್ನು ನೀಡಿತು. 1972ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ನಿಧನರಾದರು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ರಂಗಭೂಮಿಯ ಸಾಧಕರಿಗೆ ಪ್ರಶಸ್ತಿಯನ್ನು ಸ್ಥಾಪಿಸಿದೆ. ತುಮಕೂರು ನಗರದ ಕಲಾಕ್ಷೇತ್ರವು ಅವರ ಹೆಸರನ್ನು ಹೊತ್ತಿದೆ. ಮೊಮ್ಮಗಳಾದ ಬಿ. ಜಯಶ್ರೀ ಅವರು ‘ಸದಾರಮೆ’ಯನ್ನು ಹೊಸ ಕಾಲದ ಪ್ರೇಕ್ಷಕರ ಮುಂದೆ ತಂದು, ಅಜ್ಜನ ರಂಗಭೂಮಿಯ ಸೊಗಸನ್ನು ಅದನ್ನು ಕಾಣದ ತಲೆಮಾರಿಗೂ ತೋರಿಸಿಕೊಟ್ಟರು. 2013ರಲ್ಲಿ ಅವರಿಗೂ ಪದ್ಮಶ್ರೀ ಪ್ರಶಸ್ತಿ ಸಂದಿತು.

ವೀರಣ್ಣನವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಅವರ ದೃಷ್ಟಿಯಲ್ಲಿ ಯಾವ ಕಾಯಕವೂ ಮೇಲಲ್ಲ, ಯಾವುದೂ ಕೀಳಲ್ಲ. ನೇಯುವವನೂ ದೋಣಿ ನಡೆಸುವವನೂ ಒಂದೇ. ಜನರನ್ನು ನಗಿಸುವುದೂ ಅಂತಹ ಒಂದು ಕಾಯಕವೆಂಬುದನ್ನು ವೀರಣ್ಣನವರು ಬಾಳಿ ತೋರಿಸಿದರು. ನಾಟಕದವರನ್ನು ಹಗುರವಾಗಿ ಕಾಣುತ್ತಿದ್ದ ಸಮಾಜದಲ್ಲಿ, ಅದರಲ್ಲಿಯೂ ಹಾಸ್ಯಗಾರನನ್ನು ಮತ್ತೂ ಹಗುರವಾಗಿ ಕಾಣುತ್ತಿದ್ದ ರಂಗಭೂಮಿಯಲ್ಲಿ, ಅವರು ತಮ್ಮ ಕೆಲಸಕ್ಕೆ ನಾಚಲಿಲ್ಲ. ಕಳ್ಳನ ವೇಷವನ್ನು ತೊಟ್ಟುದರಿಂದ ಅವರ ಒಡೆತನಕ್ಕೆ ಕುಂದು ಬರಲಿಲ್ಲ. ಆ ವೇಷಕ್ಕೇ ಗೌರವ ಬಂದಿತು.

ಹಾಗಾದರೆ ಇಂದಿನ ವಿದ್ಯಾರ್ಥಿಯು ಅವರನ್ನು ಅರಿಯಲು ಯಾವ ಪುಸ್ತಕವನ್ನು ಮೊದಲು ತೆರೆಯಬೇಕು? ಆತ್ಮಕಥೆಯನ್ನಲ್ಲ, ‘ಸದಾರಮೆ’ ನಾಟಕವನ್ನು. ಅದನ್ನೂ ಮನಸ್ಸಿನೊಳಗೆ ಓದಿಕೊಂಡರೆ ಸಾಲದು. ಗೆಳೆಯರು ಕೂಡಿ ಪಾತ್ರಗಳನ್ನು ಹಂಚಿಕೊಂಡು, ಕಳ್ಳನ ದೃಶ್ಯವನ್ನು ಗಟ್ಟಿಯಾಗಿ ಓದಬೇಕು. ಓದುವಾಗ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಪುಟದ ಮೇಲೆ ಕಳ್ಳನ ಮಾತುಗಳು ಸಾಧಾರಣವಾಗಿವೆ. ಎಲ್ಲಿ ತಡೆಯಬೇಕು, ಎಲ್ಲಿ ಕಣ್ಣರಳಿಸಬೇಕು, ಎಲ್ಲಿ ದನಿಯನ್ನು ತಗ್ಗಿಸಬೇಕು ಎಂಬುದು ಅಲ್ಲಿ ಅಚ್ಚಾಗಿಲ್ಲ. ಓದುವವನು ಅದನ್ನು ತಾನೇ ತುಂಬಿಕೊಳ್ಳಬೇಕು. ತುಂಬಲು ಹೊರಟವನಿಗೆ ಆ ಕೆಲಸ ಎಷ್ಟು ಕಷ್ಟವೆಂಬುದು ತಿಳಿಯುತ್ತದೆ. ಆ ಕಷ್ಟ ತಿಳಿದ ಬಳಿಕ ಆತ್ಮಕಥೆಯನ್ನು ಓದಿದರೆ ಅದರ ಒಂದೊಂದು ಪುಟವೂ ಬೇರೆಯಾಗಿ ಕಾಣುತ್ತದೆ. ಅನಂತರ ‘ಬೇಡರ ಕಣ್ಣಪ್ಪ’ ಚಿತ್ರವನ್ನು ನೋಡಿ, ಶಿಷ್ಯರಲ್ಲಿ ಗುರುವಿನ ನೆರಳನ್ನು ಹುಡುಕಬಹುದು. ಬಿರುದುಗಳ ಪಟ್ಟಿಯನ್ನು ಕೊನೆಯಲ್ಲಿ ಓದಿದರೂ ನಷ್ಟವಿಲ್ಲ.

ಗ್ರಂಥಾಲಯದ ಬೀರುವಿನಲ್ಲಿ ಹಾಸ್ಯ ಕಾದಂಬರಿಕಾರನ ಪುಸ್ತಕಗಳು ಓದುಗನಿಗಾಗಿ ಕಾದಿರುತ್ತವೆ. ವೀರಣ್ಣನವರ ಕೃತಿಯು ಹಾಗೆ ಕಾಯುವಂತಹುದಲ್ಲ. ಅದು ಅವರ ಶಿಷ್ಯರ ನಡೆನುಡಿಯಲ್ಲಿ, ಶಿಷ್ಯರ ಶಿಷ್ಯರ ಅಭಿನಯದಲ್ಲಿ, ಊರ ಜಾತ್ರೆಯಲ್ಲಿ ನಾಟಕವಾಡುವ ಹಳ್ಳಿಯ ಹುಡುಗರ ಉತ್ಸಾಹದಲ್ಲಿ ಹರಿದು ಹಂಚಿಹೋಗಿದೆ. ತುಮಕೂರು ಸೀಮೆಯ ಯಾವುದೇ ಶಾಲೆಯ ವಾರ್ಷಿಕೋತ್ಸವದಲ್ಲಿ, ರಾಜನ ಪಾತ್ರ ಸಿಕ್ಕದೆ ಮುಖ ಬಾಡಿಸಿಕೊಂಡ ಹುಡುಗನೊಬ್ಬನು ಒಲ್ಲದ ಮನಸ್ಸಿನಿಂದ ಕಳ್ಳನ ಪಾತ್ರವನ್ನು ಒಪ್ಪಿಕೊಳ್ಳಬಹುದು. ಆ ರಾತ್ರಿ ಸಭೆಯು ಅವನ ಮಾತಿಗೆ ನಕ್ಕರೆ, ಕಿರೀಟವಿಲ್ಲದೆಯೂ ರಂಗವನ್ನು ಆಳಬಹುದೆಂಬುದು ಅವನಿಗೆ ಅರಿವಾಗುತ್ತದೆ. ಗುಬ್ಬಿ ವೀರಣ್ಣನವರು ತಮ್ಮ ಬಾಳಿನುದ್ದಕ್ಕೂ ಕಲಿಸಿದ ಪಾಠವೂ ಅದೇ.